ಎಂಟು ಪಟ, ಒಂಬತ್ತು ಸಂದು

ಗೋಡೆಗೆ ಒಂದು ಪಟ ತೂಗುಹಾಕಲು ಹೆಚ್ಚಿನ ಬುದ್ಧಿ ಬೇಕಿಲ್ಲ. ಒಂದು ಮೊಳೆ, ಒಂದು ಸುತ್ತಿಗೆ ಸಾಕು. ಎರಡು ಪಟ ಹಾಕುವುದಾದರೆ ಮನೆಯವರ ಸಲಹೆ ಬೇಕು. ಎಂಟು ಪಟ ಹಾಕಬೇಕಾದಾಗ ಮಾತ್ರ ಲೆಕ್ಕ ಬೇಕು ಎಂಬುದನ್ನು ನಾವು ಈ ವಯಸ್ಸಿನಲ್ಲಿ, ಅದೂ ಹತ್ತು ಜನರ ಎದುರಿಗೆ, ಕಲಿತೆವು. ಕಲಿತದ್ದನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಅಂಕಣದ ಪದ್ಧತಿಯಾದ್ದರಿಂದ ನಾಚಿಕೆಯನ್ನು ಬದಿಗಿಟ್ಟು ಹೇಳಿಬಿಡುತ್ತೇವೆ.

ನಡೆದದ್ದು ಇಷ್ಟು. ಮಳೆಗಾಲ ಮುಗಿದ ಮೇಲೆ ಇಲ್ಲಿ ಮುಂಬಯಿಯಲ್ಲಿರುವ ನಮ್ಮ ಸಂಘದ ಸಭಾಗೃಹಕ್ಕೆ ಹೊಸದಾಗಿ ಬಣ್ಣ ಬಳಿಸಿದೆವು. ಸದಸ್ಯರು ಕೈಲಾದಷ್ಟು ಕೊಟ್ಟ ಹಣದಿಂದ ಆದ ಕೆಲಸ ಅದು. ಅದನ್ನು ಕಂಡು ಸಂತೋಷಪಟ್ಟ ಹಿರಿಯರೊಬ್ಬರು ತಮ್ಮ ತಂದೆಯವರ ನೆನಪಿಗಾಗಿ, ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡದ ಎಂಟು ಮಂದಿ ಸಾಹಿತಿಗಳ ಭಾವಚಿತ್ರಗಳಿಗೆ ಒಂದೇ ಅಳತೆಯ ಕಟ್ಟು ಹಾಕಿಸಿ ತಂದುಕೊಟ್ಟರು. ರಾಜ್ಯೋತ್ಸವಕ್ಕೆ ಮುಂಚೆ ಪಟಗಳು ಗೋಡೆಯೇರಬೇಕು ಎಂದು ಸಮಿತಿ ತೀರ್ಮಾನಿಸಿತು. ಆ ಹೊಣೆ ನಮ್ಮ ತಲೆಗೆ ಬಂತು.

ಮೊದಲು ಎದ್ದ ತಕರಾರು ಅಳತೆಯದಲ್ಲ. ನಡುವೆ ಯಾರು ಎಂಬುದು. ಧಾರವಾಡದ ಕಡೆಯವರು ಬೇಂದ್ರೆಯವರೇ ನಡುವೆ ಇರಬೇಕೆಂದರು. ಮಲೆನಾಡಿನವರು ಕುವೆಂಪು ಅವರನ್ನು ಬಿಟ್ಟುಕೊಡಲಿಲ್ಲ. ಕರಾವಳಿಯವರು ನಮ್ಮಲ್ಲಿ ಹೆಚ್ಚು, "ಕಾರಂತರನ್ನು ಮೂಲೆಗೆ ಹಾಕುವುದುಂಟಾ ಮಾರಾಯ್ರೆ?" ಎಂದು ಅವರ ಪ್ರಶ್ನೆ. ಕೋಲಾರದ ಕಡೆಯ ಒಬ್ಬರೇ ಒಬ್ಬರು ಮಾಸ್ತಿಯವರ ಪರವಾಗಿ ಮೆಲ್ಲನೆ ಕೆಮ್ಮಿದರು. ಒಂದು ಗಂಟೆ ಕಳೆದ ಮೇಲೆ ನಮ್ಮ ಖಜಾಂಚಿಗಳು ಬಾಯಿಬಿಟ್ಟರು. ಎಂಟು ಎಂಬುದು ಸಮಸಂಖ್ಯೆ, ಅದರಲ್ಲಿ ನಡುವಿನದು ಎಂಬುದೇ ಇಲ್ಲ, ನಾಲ್ಕನೆಯ ಪಟಕ್ಕೂ ಐದನೆಯ ಪಟಕ್ಕೂ ಮಧ್ಯೆ ಇರುವುದು ಬರಿಯ ಗೋಡೆ ಎಂದರು. ಸಭೆ ತಣ್ಣಗಾಯಿತು. ಪ್ರಶಸ್ತಿ ಬಂದ ವರ್ಷದ ಕ್ರಮವೇ ಸರಿ ಎಂದು ಎಲ್ಲರೂ ಒಪ್ಪಿದರು. ಕುವೆಂಪು ೧೯೬೭, ಬೇಂದ್ರೆ ೧೯೭೩, ಕಾರಂತ ೧೯೭೭, ಮಾಸ್ತಿ ೧೯೮೩, ಗೋಕಾಕ ೧೯೯೦, ಅನಂತಮೂರ್ತಿ ೧೯೯೪, ಕಾರ್ನಾಡ ೧೯೯೮, ಕಂಬಾರ ೨೦೧೦. ಲೆಕ್ಕವು ಜಗಳ ಬಿಡಿಸಿದ್ದನ್ನು ನಾವು ಕಂಡದ್ದು ಅಂದೇ ಮೊದಲು.

ಮರುದಿನ ಭಾನುವಾರ. ಗೋಡೆಯನ್ನು ಅಳೆದೆವು. ವೇದಿಕೆಯ ಕಂಬದಿಂದ ಬಾಗಿಲ ಚೌಕಟ್ಟಿನವರೆಗೆ ೧೯ ಅಡಿ ೪ ಅಂಗುಲ, ಎಂದರೆ ೨೩೨ ಅಂಗುಲ. ಪಟದ ಅಗಲ ೧೪ ಅಂಗುಲ. ಹದಿನಾಲ್ಕೆಂಟಲೆ ೧೧೨. ಅದನ್ನು ಕಳೆದರೆ ಉಳಿಯುವ ಬರಿಗೋಡೆ ೧೨೦ ಅಂಗುಲ. ಪಟ ಎಂಟಾದ್ದರಿಂದ ೧೨೦ನ್ನು ೮ರಿಂದ ಭಾಗಿಸಿ ೧೫ ಎಂದು ಬರೆದುಕೊಂಡೆವು. ಶೇಷವಿಲ್ಲದೆ ಬಂದ ಉತ್ತರ ಸರಿಯಾದ ಉತ್ತರವೇ ಎಂಬ ನಂಬಿಕೆ ನಮಗೆ ಶಾಲೆಯ ದಿನಗಳಿಂದಲೂ ಉಂಟು. ಕಂಬದಿಂದ ೧೫ ಅಂಗುಲ ಬಿಟ್ಟು ಮೊದಲ ಪಟ, ಮತ್ತೆ ೧೫ ಬಿಟ್ಟು ಎರಡನೆಯದು, ಹೀಗೆ ಗುರುತು ಹಾಕುತ್ತ ಹೋಗಿ, ಡ್ರಿಲ್ಲು ತಂದಿದ್ದ ಹುಡುಗನಿಂದ ಎಂಟು ತೂತುಗಳನ್ನೂ ಕೊರೆಸಿಬಿಟ್ಟೆವು.

ಪಟಗಳು ಒಂದೊಂದಾಗಿ ಏರಿದವು. ಆರನೆಯದು ಏರುವ ಹೊತ್ತಿಗೆ ಬಲಗಡೆಯ ಗೋಡೆ ಯಾಕೋ ಚಿಕ್ಕದಾದಂತೆ ಕಂಡಿತು. ಎಂಟನೆಯದಾದ ಕಂಬಾರರ ಪಟ ಬಾಗಿಲ ಚೌಕಟ್ಟಿಗೆ ಅಂಟಿಕೊಂಡೇ ನಿಂತಿತು. ಎಡಗಡೆಯಲ್ಲಿ ಕುವೆಂಪು ಅವರಿಗೆ ಒಂದೂಕಾಲು ಅಡಿ ಬಿಡುವು. ಬಲಗಡೆಯಲ್ಲಿ ಕಂಬಾರರಿಗೆ ಒಂದು ಬೆರಳಷ್ಟೂ ಇಲ್ಲ. ಒಳಗೆ ಬರುವವರ ಭುಜ ಪಟಕ್ಕೆ ತಾಗುವಂತಿತ್ತು. ಹೊಸ ಬಣ್ಣದ ಗೋಡೆಯಲ್ಲಿ ಎಂಟು ತೂತು. ನಾವು ಏಣಿಯಿಂದ ಇಳಿಯಲೂ ಮನಸ್ಸಿಲ್ಲದೆ ಅಲ್ಲಿಯೇ ನಿಂತೆವು.

ನಮ್ಮ ಭಾನುವಾರದ ಕನ್ನಡ ತರಗತಿಗೆ ತಾಯಿಯ ಬಲವಂತಕ್ಕಾಗಿ ಬರುವ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಾಳೆ. ಮನೆಯಲ್ಲಿ ಧಾರವಾಡದ ಕನ್ನಡವನ್ನು ಚೆನ್ನಾಗಿ ಆಡುತ್ತಾಳೆ, ಅಕ್ಷರ ಮಾತ್ರ ಒಲಿದಿಲ್ಲ. ಅಂದು ಆಕೆ ಮೂಲೆಯ ಕುರ್ಚಿಯಲ್ಲಿ ಮೊಬೈಲು ನೋಡುತ್ತ ಕುಳಿತಿದ್ದವಳು ತಲೆಯೆತ್ತಿ, "ಕಾಕಾ, ಪಟ ಎಂಟ ಖರೆ. ಆದ್ರ ಸಂದು ಎಂಟಲ್ಲ, ಒಂಬತ್ತ" ಎಂದಳು. "ಅದು ಹೇಗಮ್ಮ?" ಎಂದೆವು. ಆಕೆ ಅಂಗೈ ಬಿಡಿಸಿ ತೋರಿಸಿದಳು. ಬೆರಳು ಐದು, ನಡುವಿನ ಸಂದು ನಾಲ್ಕು, ಆಚೆಯದೊಂದು ಈಚೆಯದೊಂದು ಸೇರಿದರೆ ಆರು. ಪಟ ಎಂಟಾದರೆ ನಡುವೆ ಏಳು, ಅಂಚಿಗೆ ಎರಡು. ನಾವು ಅಂಚಿನ ಎರಡರಲ್ಲಿ ಒಂದನ್ನು ಎಣಿಸಿ ಇನ್ನೊಂದನ್ನು ಮರೆತಿದ್ದೆವು. ಮರೆತ ಆ ಒಂದು ಸಂದಿನ ಸಾಲವನ್ನೆಲ್ಲ ಕಂಬಾರರೊಬ್ಬರೇ ತೀರಿಸಬೇಕಾಗಿ ಬಂದಿತ್ತು.

ಭಾಗಾಕಾರ ಯಾರಿಗೆ ಬರುವುದಿಲ್ಲ? ಎಷ್ಟರಿಂದ ಭಾಗಿಸಬೇಕು ಎಂಬಲ್ಲಿಯೇ ಎಡವುವುದು. ಆದ್ದರಿಂದ ಟೇಪನ್ನು ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯುಂಟು: ತುದಿಗಳಲ್ಲಿ ಏನಿದೆ? ಎರಡು ತುದಿಯಲ್ಲಿಯೂ ಬರಿಜಾಗ ಬಿಡುವುದಾದರೆ, ನಮ್ಮ ಪಟಗಳಂತೆ, ಸಂದುಗಳು ವಸ್ತುಗಳಿಗಿಂತ ಒಂದು ಹೆಚ್ಚು. ಎರಡು ತುದಿಯಲ್ಲಿಯೂ ವಸ್ತುವೇ ಇರುವುದಾದರೆ ಒಂದು ಕಡಿಮೆ. ಹಬ್ಬದ ದಿನ ೪೦ ಅಂಗುಲದ ಬಾಗಿಲಿಗೆ, ಎರಡು ಮೂಲೆಗಳಲ್ಲಿಯೂ ಒಂದೊಂದು ಇರುವಂತೆ, ಒಂಬತ್ತು ಮಾವಿನೆಲೆ ಕಟ್ಟುತ್ತೀರಿ ಎನ್ನಿ. ಸಂದು ಎಂಟು, ತೊಟ್ಟಿನಿಂದ ತೊಟ್ಟಿಗೆ ೫ ಅಂಗುಲ. ಸುತ್ತಲೂ ಇಡುವುದಾದರೆ ತುದಿಯೇ ಇಲ್ಲ. ವಸ್ತು ಎಷ್ಟೋ ಸಂದು ಅಷ್ಟೇ. ಬದಿಗೆ ೨೪ ಅಂಗುಲವಿರುವ ಚೌಕವಾದ ತುಳಸಿಕಟ್ಟೆಗೆ ಹನ್ನೆರಡು ಹಣತೆ ಇಡುವಿರಾದರೆ, ಸುತ್ತಳತೆ ೯೬, ಹಣತೆಯಿಂದ ಹಣತೆಗೆ ೮ ಅಂಗುಲ. ನಾಲ್ಕು ಮೂಲೆಗೂ ಒಂದೊಂದು ದೀಪ ತಾನಾಗಿ ಬಂದು ಕೂರುತ್ತದೆ. ಗಡಿಯಾರದಲ್ಲಿ ಹನ್ನೆರಡು ಅಂಕಿಗೆ ಹನ್ನೆರಡೇ ಸಂದು ಇರುವುದೂ ಹೀಗೆಯೇ.

ನಮ್ಮ ತಾಯಂದಿರು ಇದನ್ನೆಲ್ಲ ಕಾಗದವಿಲ್ಲದೆ ಮಾಡುತ್ತಿದ್ದರು. ತೋರಣ ಕಟ್ಟುವಾಗ ಮೊದಲು ಎರಡು ತುದಿಗೆ, ಆಮೇಲೆ ನಡುವಿಗೆ, ಆಮೇಲೆ ಎರಡು ಅರ್ಧಗಳ ನಡುವಿಗೆ. ಹೀಗೆ ಹೋದರೆ ಎಲೆ ಮೂರು, ಐದು, ಒಂಬತ್ತು, ಹದಿನೇಳು ಎಂದು ಬೆಳೆಯುತ್ತವೆ. ಅರ್ಧ ಮಾಡುವುದು ಕಣ್ಣಿಗೆ ಬಲು ಸುಲಭ. ದಾರವನ್ನು ಮಡಿಸಿದರೂ ಸಾಕು. ಚುಕ್ಕಿ ರಂಗೋಲಿ ಇಡುವವರ ಬೆರಳಂತೂ ಅಂತರವನ್ನು ತಾನೇ ಬಲ್ಲದು. ದೊಡ್ಡ ಅಳತೆಗೆ ಮೈಯೇ ಟೇಪು: ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಆದರೆ ಮೊಳ ಯಾರ ಕೈಯದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೂವಿನವಳ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಎಂದಾದರೂ ಹೊಂದಿದ್ದುಂಟೆ? ಒಬ್ಬರೇ ಅಳೆದು ಒಬ್ಬರೇ ಕಟ್ಟುವಲ್ಲಿ ಗೇಣು ಸಾಕು; ಹತ್ತು ಜನ ಕೈ ಹಾಕುವಲ್ಲಿ ಟೇಪು ಬೇಕು. ಆ ಟೇಪಿನಲ್ಲಿಯೂ ಒಂದು ಅಂಚಿಗೆ ಅಂಗುಲ, ಇನ್ನೊಂದು ಅಂಚಿಗೆ ಸೆಂಟಿಮೀಟರು ಇರುತ್ತದೆ. ಒಂದು ಅಂಗುಲಕ್ಕೆ ೨.೫೪ ಸೆಂಟಿಮೀಟರು. ಯಾವುದಾದರೂ ಸರಿ, ಗೋಡೆಯನ್ನು ಒಂದರಲ್ಲಿ, ಪಟವನ್ನು ಇನ್ನೊಂದರಲ್ಲಿ ಅಳೆಯಬೇಡಿ.

ಇನ್ನು ನಮ್ಮ ಗೋಡೆಗೆ ಬರೋಣ. ೧೨೦ನ್ನು ೯ರಿಂದ ಭಾಗಿಸಿದರೆ ೧೩ ಬಂದು ೩ ಉಳಿಯುತ್ತದೆ. ಎಂದರೆ ಹದಿಮೂರು ಅಂಗುಲ, ಮೇಲೆ ಒಂದು ಅಂಗುಲದ ಮೂರನೆಯ ಒಂದು ಪಾಲು. ಟೇಪಿನಲ್ಲಿ ಅರ್ಧ, ಕಾಲು, ಅರೆಕಾಲು ಉಂಟು. ಮೂರನೆಯ ಒಂದು ಪಾಲಿಗೆ ಗೆರೆಯಿಲ್ಲ. ಇಲ್ಲಿಯೂ ಖಜಾಂಚಿಗಳೇ ದಾರಿ ತೋರಿದರು. ಕಣ್ಣು ಹೋಲಿಸಿ ನೋಡುವುದು ಪಟಗಳ ನಡುವಿನ ಸಂದುಗಳನ್ನು. ಅವು ಏಳೂ ಸಮವಾಗಿರಲಿ. ಅಂಚಿನ ಎರಡು ತಮ್ಮತಮ್ಮಲ್ಲಿ ಸಮವಾಗಿದ್ದರೆ ಸಾಕು. ನಡುವೆ ೧೨ರಂತೆ ಏಳಕ್ಕೆ ೮೪. ಉಳಿದ ೩೬ರಲ್ಲಿ ಆಚೆಗೆ ೧೮, ಈಚೆಗೆ ೧೮. ಅಂಚಿನಲ್ಲಿ ತುಸು ಹೆಚ್ಚು ಬಿಡುವು ಸಿಕ್ಕಿದರೆ ಎಂಟೂ ಒಂದೇ ಪಂಕ್ತಿಯಲ್ಲಿ ಕುಳಿತ ಬಳಗದಂತೆ ಕಾಣುತ್ತವೆ.

ಮೊಳೆ ಬರುವುದು ಪಟದ ನಡುವಿಗೆ. ಕಂಬದಿಂದ ೧೮, ಪಟದ ಅರ್ಧ ೭, ಒಟ್ಟು ೨೫. ಇದು ಮೊದಲ ಮೊಳೆ. ಅಲ್ಲಿಂದ ಮುಂದೆ ಪಟದ ೧೪ ಮತ್ತು ಸಂದಿನ ೧೨ ಸೇರಿ ೨೬ರಂತೆ ಕೂಡುತ್ತ ಹೋದರೆ ೨೫, ೫೧, ೭೭, ೧೦೩, ೧೨೯, ೧೫೫, ೧೮೧, ೨೦೭. ಇದನ್ನು ಕಾಗದದ ಮೇಲೆ ಕೂಡಿರಿ. ಗೋಡೆಯ ಮೇಲೆ ಕೂಡಬೇಡಿ. ಒಂದು ಗುರುತಿನಿಂದ ಇನ್ನೊಂದಕ್ಕೆ ೨೬ ಅಂಗುಲ ಅಳೆಯುತ್ತ ಹೋದರೆ, ಪ್ರತಿ ಸಲ ಅರೆಕಾಲು ಅಂಗುಲ ತಪ್ಪಿದರೂ ಏಳನೆಯ ಹೆಜ್ಜೆಯ ಹೊತ್ತಿಗೆ ಮುಕ್ಕಾಲು ಅಂಗುಲಕ್ಕೂ ಮೀರಿ ತಪ್ಪಿರುತ್ತದೆ. ಟೇಪನ್ನು ಕಂಬಕ್ಕೆ ಹಿಡಿದು ಒಂದೇ ಸಲ ಉದ್ದಕ್ಕೂ ಎಳೆದು, ಎಂಟು ಗುರುತನ್ನೂ ಅದರಿಂದಲೇ ಹಾಕಬೇಕು. ಆಗ ಒಂದು ತಪ್ಪಿದರೆ ಅದೊಂದೇ ತಪ್ಪುತ್ತದೆ.

ಕೊರೆಯುವ ಮುಂಚೆ ಪರೀಕ್ಷೆ ಬೇಡವೆ? ಮೊದಲನೆಯದನ್ನೂ ಕೊನೆಯದನ್ನೂ ಕೂಡಿ: ೨೫, ೨೦೭, ಒಟ್ಟು ೨೩೨. ಎರಡನೆಯದನ್ನೂ ಏಳನೆಯದನ್ನೂ ಕೂಡಿ: ೫೧, ೧೮೧, ಮತ್ತೆ ೨೩೨. ೭೭ಕ್ಕೆ ೧೫೫, ೧೦೩ಕ್ಕೆ ೧೨೯. ಪ್ರತಿ ಜೋಡಿಯೂ ಗೋಡೆಯ ಉದ್ದಕ್ಕೇ ಬರಬೇಕು. ಈ ಪರೀಕ್ಷೆ ನಮ್ಮನ್ನು ಅಂದೇ ಕಾಪಾಡಿತು. ನಾವು ಅಳತೆಗಳನ್ನು ಚೀಟಿಯಲ್ಲಿ ಕನ್ನಡ ಅಂಕಿಗಳಲ್ಲಿ ಬರೆದು ಹುಡುಗಿಯ ಕೈಗೆ ಕೊಟ್ಟಿದ್ದೆವು. ಶಾಲೆಯಲ್ಲಿ ಕಲಿತ ಮರಾಠಿಯ ನೆರವಿನಿಂದ ಆಕೆ ನಮ್ಮ ೨ನ್ನೂ ೩ನ್ನೂ ಗುರುತು ಹಿಡಿದಳು. ಉಳಿದವನ್ನು ಕೇಳಿ ತಿಳಿದಳು. ಆದರೆ ೯ನ್ನು ೬ ಎಂದು ಓದಿ, ಗೋಕಾಕರ ಗುರುತನ್ನು ೧೨೬ಕ್ಕೆ ಹಾಕಿಬಿಟ್ಟಳು. ಜೋಡಿ ಕೂಡಿದಾಗ ೨೨೯ ಬಂತು. "ಮೂರು ಎಲ್ಲಿ ಹೋತು?" ಎಂದು ತಾನೇ ಹುಡುಕಿ, ತಾನೇ ತಿದ್ದಿದಳು. ಆ ದಿನದಿಂದ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸವನ್ನು ಆಕೆ ಮರೆತಿಲ್ಲ. ನಮ್ಮ ತರಗತಿಯ ಪಾಠದಿಂದ ಬಾರದ ವಿದ್ಯೆ ಗೋಡೆಯಿಂದ ಬಂತು.

ಹಳೆಯ ತೂತುಗಳ ಕಥೆಯನ್ನೂ ಹೇಳಿ ಮುಗಿಸುತ್ತೇವೆ. ನಮ್ಮ ತಪ್ಪು ಲೆಕ್ಕದಲ್ಲಿ ಎರಡನೆಯ ಮೊಳೆ ೫೧ಕ್ಕೇ ಬಂದಿತ್ತು. ಸರಿಯಾದ ಲೆಕ್ಕದಲ್ಲಿಯೂ ೫೧! ಎಂಟರಲ್ಲಿ ಅದೊಂದೇ ಉಳಿಯಿತು. ಅದು ಬೇಂದ್ರೆಯವರದು. "ಬೇಂದ್ರೆ ಅಜ್ಜ ಅಳ್ಳಾಡಲಿಲ್ಲ ನೋಡ್ರಿ" ಎಂದು ಧಾರವಾಡದವರು ಹಿಗ್ಗಿದರು. ಉಳಿದ ಏಳರಲ್ಲಿ ಮೂರು ತೂತುಗಳು ಪಟಗಳ ಹಿಂದೆ ಅಡಗಿದವು. ನಾಲ್ಕಕ್ಕೆ ಲಪ್ಪ ತುಂಬಿಸಿ ಬಣ್ಣ ಬಳಿಸಿದೆವು. ಬಂದು ನೋಡಿದವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಎತ್ತರದ ಮಾತು ಸ್ವಲ್ಪ. ನಮ್ಮ ಹಳೆಯ ಮನೆಗಳಲ್ಲಿ ದೇವರ ಪಟವನ್ನೂ ಹಿರಿಯರ ಪಟವನ್ನೂ ಬಾಗಿಲಿಗಿಂತ ಮೇಲೆ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಕತ್ತೆತ್ತಿ ಕೈಮುಗಿಯಲು ಅದು ಚೆನ್ನ. ಮುಖ ನೋಡಿ ಗುರುತಿಸಬೇಕಾದ ಚಿತ್ರಗಳಿಗೆ ಅಷ್ಟು ಎತ್ತರ ಸಲ್ಲದು. ಚಿತ್ರಶಾಲೆಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಭಾಗವನ್ನು ನೆಲದಿಂದ ೫೭ರಿಂದ ೬೦ ಅಂಗುಲಕ್ಕೆ ತರುತ್ತಾರೆ. ನಾವು ೬೦ ಹಿಡಿದೆವು. ಪಟದ ಎತ್ತರ ೧೮. ಅದರ ಅರ್ಧ ೯ ಸೇರಿದರೆ ಪಟದ ತಲೆ ೬೯ಕ್ಕೆ. ಹಿಂದಿನ ತಂತಿಯನ್ನು ಬೆರಳಿನಿಂದ ಬಿಗಿಯಾಗಿ ಎತ್ತಿ ಹಿಡಿದಾಗ ಅದು ತಲೆಯಿಂದ ೨ ಅಂಗುಲ ಕೆಳಗೆ ನಿಲ್ಲುತ್ತಿತ್ತು. ಆದ್ದರಿಂದ ಮೊಳೆ ೬೭ಕ್ಕೆ. ತಂತಿಯನ್ನು ಎಳೆಯದೆ ಅಳೆದರೆ ಪಟ ಲೆಕ್ಕಕ್ಕಿಂತ ಕೆಳಗಿಳಿಯುತ್ತದೆ. ಹಳೆಯ ಕಟ್ಟಡದ ನೆಲವನ್ನೂ ನಂಬಬಾರದು. ಒಂದು ಕಡೆ ತಗ್ಗಿದ್ದೀತು. ಗಾರೆಯವರು ಮಾಡುವಂತೆ ಪಾರದರ್ಶಕವಾದ ಉದ್ದನೆಯ ಕೊಳವೆಗೆ ಗುಳ್ಳೆಯಿಲ್ಲದಂತೆ ನೀರು ತುಂಬಿ, ಒಂದು ತುದಿಯ ನೀರನ್ನು ಮೊದಲ ಗುರುತಿಗೆ ಹಿಡಿದರೆ ಇನ್ನೊಂದು ತುದಿಯಲ್ಲಿ ನೀರು ಅದೇ ಮಟ್ಟಕ್ಕೆ ನಿಲ್ಲುತ್ತದೆ. ಎರಡರ ನಡುವೆ ದಾರ ಬಿಗಿದರೆ ಎಂಟು ಮೊಳೆಗೂ ಅದೇ ಗೆರೆ.

ಇದು ಸಭಾಗೃಹದ ಮಾತಾಯಿತು. ನಮ್ಮ ಓದುಗರಲ್ಲಿ ಬಹುಮಂದಿ ಬಾಡಿಗೆಯ ಮನೆಗಳಲ್ಲಿರುವವರು. ಮನೆ ಬಿಡುವಾಗ ಮಾಲೀಕರು ಗೋಡೆಯ ತೂತುಗಳನ್ನು ಎಣಿಸಿ ಠೇವಣಿಯಲ್ಲಿ ಹಿಡಿದುಕೊಳ್ಳುವುದುಂಟು. ಅಂಥವರಿಗೆ ತಪ್ಪು ಮೊಳೆ ಹೊಡೆಯುವ ಸ್ವಾತಂತ್ರ್ಯವಿಲ್ಲ. ಅವರು ಪಟದ ಅಳತೆಗೆ ಸರಿಯಾಗಿ ಹಳೆಯ ಪತ್ರಿಕೆಯನ್ನು ಕತ್ತರಿಸಿ, ಮೊಳೆಯ ಜಾಗಕ್ಕೆ ಚುಕ್ಕಿಯಿಟ್ಟು, ಮೊದಲು ಅದನ್ನು ಗೋಡೆಗೆ ಮೆಲ್ಲನೆ ಅಂಟಿಸಿ ಎರಡು ದಿನ ನೋಡಲಿ. ಹೋಗುತ್ತ ಬರುತ್ತ ಮನೆಮಂದಿಯೆಲ್ಲ ತಮ್ಮ ಅಭಿಪ್ರಾಯ ಹೇಳಿ ಮುಗಿದ ಮೇಲೆ ಮೊಳೆ ಹೊಡೆದರಾಯಿತು.

ಮನೆಯಲ್ಲಿ ಪಟಗಳೆಲ್ಲ ಒಂದೇ ಅಳತೆಯವು ಇರುವುದೂ ಅಪರೂಪ. ಮದುವೆಯ ಫೋಟೋ ದೊಡ್ಡದು, ಅಜ್ಜ ಅಜ್ಜಿಯರದು ಸಣ್ಣದು. ಆಗ ಮೊಳೆಗಳ ಅಂತರವನ್ನು ಸಮಮಾಡಲು ಹೋಗಬೇಡಿ, ಸಂದುಗಳನ್ನು ಸಮಮಾಡಿ. ೧೦೦ ಅಂಗುಲದ ಗೋಡೆ, ಐದು ಪಟ, ಅಗಲ ೧೦, ೧೨, ೨೦, ೧೨, ೧೦ ಎನ್ನಿ. ಒಟ್ಟು ೬೪. ಉಳಿದದ್ದು ೩೬, ಸಂದು ಆರು, ಆದ್ದರಿಂದ ಒಂದೊಂದಕ್ಕೆ ೬ ಅಂಗುಲ. ಮೊಳೆಗಳು ೧೧, ೨೮, ೫೦, ೭೨, ೮೯ಕ್ಕೆ ಬರುತ್ತವೆ. ಮೊಳೆಯಿಂದ ಮೊಳೆಗೆ ದೂರ ಬೇರೆಬೇರೆ, ಆದರೂ ಕಣ್ಣಿಗೆ ಎಲ್ಲ ಸಮ. ದೊಡ್ಡ ಪಟ ೫೦ಕ್ಕೆ, ನಡುಮಧ್ಯಕ್ಕೆ ಬಂತು. ಜೋಡಿಗಳನ್ನು ಕೂಡಿದರೆ ೧೧ಕ್ಕೆ ೮೯, ೨೮ಕ್ಕೆ ೭೨, ಎರಡೂ ನೂರು. ಆದರೆ ಈ ಜೋಡಿಯ ಪರೀಕ್ಷೆ ಎರಡು ಬದಿಯ ಪಟಗಳು ಒಂದಕ್ಕೊಂದು ಸಮನಾಗಿದ್ದರೆ ಮಾತ್ರ ಸಲ್ಲುತ್ತದೆ ಎಂಬುದನ್ನು ಮರೆಯಬೇಡಿ.

ರಾಜ್ಯೋತ್ಸವದ ದಿನ ಸಭಾಗೃಹ ತುಂಬಿತ್ತು. ಪಕ್ಕದ ಕಟ್ಟಡದ ಗುಜರಾತಿ ಹಿರಿಯರು ಒಳಗೆ ಬಂದು ಕುವೆಂಪು ಅವರ ಪಟದ ಮುಂದೆ ನಿಂತರು. ೧೯೬೭ರ ಪ್ರಶಸ್ತಿಯನ್ನು ಇವರೊಡನೆ ಹಂಚಿಕೊಂಡವರು ತಮ್ಮ ಭಾಷೆಯ ಉಮಾಶಂಕರ ಜೋಶಿಯವರು ಎಂದು ನೆನೆದರು. ೧೯೭೩ರಲ್ಲಿ ಬೇಂದ್ರೆಯವರ ಜೊತೆಗಾರರು ಒಡಿಯಾದ ಗೋಪೀನಾಥ ಮೊಹಾಂತಿ ಎಂದು ನಾವು ಮಾತು ಸೇರಿಸಿದೆವು. ಪಟಗಳ ಕೆಳಗೆ ಹೆಸರಿನ ಫಲಕಗಳನ್ನು ಇಡುವ ಕೆಲಸ ನಮ್ಮ ಹುಡುಗಿಯದೇ ಆಗಿತ್ತು. ಯಾವ ಫಲಕ ಯಾರದೆಂದು ಓದಿಯೇ ಇಡಬೇಕಲ್ಲ! 'ಬೇಂ' ಎಂದು ಹೇಳಿ, 'ದ್ರೆ' ಎಂಬಲ್ಲಿ ಒತ್ತಕ್ಷರಕ್ಕೆ ಸ್ವಲ್ಪ ಹೊತ್ತು ನಿಂತಳು. 'ವೆಂಕಟೇಶ ಅಯ್ಯಂಗಾರ್' ಎಂಬಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ನಾವು ಹೇಳಿಕೊಡಲು ಬಾಯಿ ತೆರೆದರೆ ಕೈಯೆತ್ತಿ ತಡೆದಳು. ಎಂಟೂ ಸರಿಯಾದ ಜಾಗದಲ್ಲಿ ಕೂತವು.

ಎಲ್ಲ ಮುಗಿದ ಮೇಲೆ ಆಕೆಯದೊಂದು ಪ್ರಶ್ನೆ. "ಕಾಕಾ, ಒಂಬತ್ತನೇದವರು ಬಂದ್ರ ಎಲ್ಲಿ ಹಾಕೂದು?" ನಾವು ಯೋಚಿಸಿರಲಿಲ್ಲ. ಆಕೆ ಯೋಚಿಸಿದ್ದಳು. ಪಟ ಒಂಬತ್ತಾದರೆ ೧೨೬, ಉಳಿಯುವುದು ೧೦೬. ನಡುವೆ ೧೦ರಂತೆ ಎಂಟು ಸಂದಿಗೆ ೮೦, ಅಂಚಿಗೆ ೧೩, ೧೩. ಮೊದಲ ಮೊಳೆ ೨೦ಕ್ಕೆ, ಆಮೇಲೆ ೨೪ರಂತೆ, ಕೊನೆಯದು ೨೧೨ಕ್ಕೆ. ಐದನೆಯದಾದ ಗೋಕಾಕರು ೧೧೬ಕ್ಕೆ, ಗೋಡೆಯ ನಟ್ಟನಡುವೆ. ಎಂದರೆ ನಡುವೆ ಯಾರು ಎಂಬ ಜಗಳ ಮತ್ತೊಮ್ಮೆ ಏಳುವುದು ಖಂಡಿತ. ಈ ಲೆಕ್ಕದಲ್ಲಿ ಇಂದಿನ ಎಂಟು ಮೊಳೆಗಳಲ್ಲಿ ಒಂದೂ ಉಳಿಯುವುದಿಲ್ಲ. ಬೇಂದ್ರೆ ಅಜ್ಜನೂ ಆ ಸಲ ಸರಿದು ಕೂರಬೇಕು.

ಆ ಹೊಸ ಲೆಕ್ಕದ ಚೀಟಿಯನ್ನು ಆಕೆ ಕನ್ನಡ ಅಂಕಿಗಳಲ್ಲಿಯೇ ಬರೆದಳು. ಅದನ್ನು ಕಂಬಾರರ ಪಟದ ಹಿಂದೆ ಅಂಟಿಸಿದ್ದೇವೆ. ಬೇಗ ಬೇಕಾಗಲಿ ಎಂದು ನಮ್ಮ ಹಾರೈಕೆ.